ಹಾರ ಹಾಕಿದ ಸೆಂಟ್ರಿಫ್ಯೂಜ್

ರಾಂಜಣಗಾಂವದ ಕಂಪನಿಯಲ್ಲಿ ಎಲ್ಲರೂ ನನ್ನನ್ನು ಡಾಕ್ಟರ್ ಮ್ಯಾಡಮ್ ಎಂದೇ ಕರೆಯುತ್ತಾರೆ. ಗೇಟಿನ ವಾಚ್‌ಮನ್ ಮೊಣಕಾಲು ನೋವಿಗೆ ಯಾವ ಗುಳಿಗೆ ಒಳ್ಳೆಯದೆಂದು ಕೇಳುತ್ತಾನೆ. ನಾನು ಆ ಡಾಕ್ಟರ್ ಅಲ್ಲ ಎಂದು ಹೇಳಿ ಹೇಳಿ ಸಾಕಾಗಿ, ಈಗ ಸುಮ್ಮನೆ ಸರಕಾರಿ ದವಾಖಾನೆಯ ದಾರಿ ತೋರಿಸುತ್ತೇನೆ. ಹಾಗಾದರೆ ನೀವು ಯಾವ ಡಾಕ್ಟರ್ ಎಂದು ಅವನು ಇದುವರೆಗೂ ಕೇಳಿಲ್ಲ. ಕೇಳಿದರೆ ನಿಜ ಹೇಳುವಷ್ಟು ಧೈರ್ಯ ನನಗಿಲ್ಲ. ನನ್ನ ಪಿಎಚ್.ಡಿ. ಪ್ರಬಂಧದ ಮುಖ್ಯ ಫಲಿತಾಂಶವೇ ಸುಳ್ಳು. ಬೇಕೆಂದು ಕಟ್ಟಿದ ಸುಳ್ಳಲ್ಲ ಅದು. ತಪ್ಪಿನಿಂದ ಹುಟ್ಟಿತು, ನಾನು ಬಾಯಿ ಮುಚ್ಚಿಕೊಂಡಿದ್ದರಿಂದ ಬೆಳೆಯಿತು. ಅದನ್ನು ನಿಜವೆಂದು ನಂಬಿ ಬಂದ ಹುಡುಗಿಯೊಬ್ಬಳು ಅದರ ಬೆನ್ನು ಹತ್ತಿ ತನ್ನ ಮೂರು ವರ್ಷ ಕಳೆದುಕೊಂಡಳು. ಆ ಮೂರು ವರ್ಷ ನಾನು ಆಕೆಯ ಪಕ್ಕದ ಟೇಬಲ್ಲಿನಲ್ಲೇ ಕೆಲಸ ಮಾಡುತ್ತಿದ್ದೆ.

ನಾನು ಬೆಳೆದದ್ದು ಪುಣೆ ಬಳಿಯ ಭೋಸರಿಯಲ್ಲಿ. ಅಪ್ಪ ವಿಜಯಪುರದ ಕಡೆಯಿಂದ ಬಂದು ಅಲ್ಲಿನ ಒಂದು ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದರು. ಇಡೀ ಆಯುಷ್ಯ ಒಂದೇ ಲೇತ್ ಮಶೀನಿನ ಮುಂದೆ ನಿಂತು ಕಳೆದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ವರ್ಷಕ್ಕೊಮ್ಮೆ ಖಂಡೇನವಮಿಯ ಆಯುಧಪೂಜೆಯ ದಿನ ಅಪ್ಪ ನಮ್ಮನ್ನು ವರ್ಕ್‌ಶಾಪಿಗೆ ಕರೆದುಕೊಂಡು ಹೋಗುತ್ತಿದ್ದರು. ಹಿಂದಿನ ದಿನವೇ ಮಶೀನನ್ನು ಘಾಸಲೇಟ್ ಎಣ್ಣೆಯಲ್ಲಿ ಒರೆಸಿ ಮಿರಮಿರ ಮಾಡಿರುತ್ತಿದ್ದರು. ಅರಿಷಿಣ, ಕುಂಕುಮ, ಚೆಂಡುಹೂವಿನ ಹಾರ, ಒಂದು ತೆಂಗಿನಕಾಯಿ. ಪೂಜೆಯಾದ ಮೇಲೆ ಅಂದು ಮಶೀನಿನ ಗುಂಡಿ ಒತ್ತುವಂತಿಲ್ಲ. ಮರುದಿನ ದಸರೆಯ ಬೆಳಿಗ್ಗೆ ಹಾರ ತೆಗೆದ ಮೇಲೆಯೇ ಅದು ತಿರುಗಬೇಕು. ಒಂದು ವರ್ಷ ಮಾಲೀಕ ಅರ್ಜೆಂಟ್ ಆರ್ಡರ್ ಇದೆಯೆಂದು ಪೂಜೆಯಾದ ಮಶೀನನ್ನೇ ಚಾಲೂ ಮಾಡಿಸಿದನಂತೆ. ಅಪ್ಪನ ಪಕ್ಕದ ಮಶೀನಿನವನ ಎರಡು ಬೆರಳು ಹೋದವಂತೆ. ಈ ಕಥೆಯನ್ನು ಅಪ್ಪ ಪ್ರತಿ ದಸರೆಗೆ ಹೋಳಿಗೆ ಬಡಿಸಿಕೊಳ್ಳುವಾಗ ತಪ್ಪದೆ ಹೇಳುತ್ತಿದ್ದರು, ಮತ್ತು ನಾವು ಪ್ರತಿ ದಸರೆಗೂ ನಮ್ಮ ಬೆರಳು ಮುಟ್ಟಿ ನೋಡಿಕೊಳ್ಳುತ್ತಿದ್ದೆವು.

ಎಂ.ಎಸ್ಸಿ. ಮುಗಿಸಿ ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ.ಗೆ ಸೇರಿದೆ. ನನ್ನ ಗೈಡ್ ಆಗಿದ್ದ ಸರ್ ಒಂದು ಗಿಡದ ಬೇರಿನಿಂದ ಔಷಧ ತೆಗೆದಿದ್ದರು. ಅದು ಯಕೃತ್ತಿನ ಉರಿಯೂತ ಇಳಿಸುತ್ತದೆ ಎಂದು ಅವರ ನಂಬಿಕೆ. ಹೇಗೆ ಇಳಿಸುತ್ತದೆ ಎಂದು ತೋರಿಸುವುದು ನನ್ನ ಕೆಲಸ.

ಆ ಕೆಲಸ ಏನೆಂದು ಇಲ್ಲಿ ಸ್ವಲ್ಪ ಹೇಳಲೇಬೇಕು. ಜೀವಕೋಶ ಒಂದು ಪ್ರೋಟೀನ್ ತಯಾರು ಮಾಡಿದರೆ ಅಲ್ಲಿಗೆ ಮುಗಿಯುವುದಿಲ್ಲ. ಆಮೇಲೆ ಅದರ ಮೈಗೆ ಬೇಕಾದಾಗ ಫಾಸ್ಫೇಟಿನ ಒಂದು ಪುಟ್ಟ ತುಣುಕನ್ನು ಅಂಟಿಸುತ್ತದೆ, ಬೇಡವಾದಾಗ ಕೀಳುತ್ತದೆ. ನಾನು ನೋಡುತ್ತಿದ್ದ ಪ್ರೋಟೀನ್ ಫಾಸ್ಫೇಟ್ ಅಂಟಿದಾಗ ಎದ್ದು ಉರಿಯೂತ ಹಬ್ಬಿಸುತ್ತದೆ, ಕಿತ್ತಾಗ ತಣ್ಣಗಾಗುತ್ತದೆ. ಔಷಧ ಕೊಟ್ಟ ಇಲಿಯಲ್ಲಿ ಆ ಫಾಸ್ಫೇಟಿನ ಗುರುತು ಇಲ್ಲವೆಂದು ತೋರಿಸಿದರೆ ಸರ್ ಗೆದ್ದರು, ನನಗೆ ಪದವಿ ಸಿಕ್ಕಿತು. ಅವ್ವನಿಗೆ ಇದನ್ನು ಹೇಳುವಾಗ, ಹೆಂಗಸು ಅವಳೇ, ಹಣೆಗೆ ಕುಂಕುಮ ಇದೆಯೋ ಇಲ್ಲವೋ ಅಷ್ಟನ್ನು ನೋಡುವುದು ಎಂದು ತಿಳಿಸಿದ್ದೆ. ಅವ್ವ ಕೈಯಲ್ಲಿನ ಹಿಟ್ಟು ಝಾಡಿಸುತ್ತ, “ಹಂಗಾರ ಇಷ್ಟ ಓದಿ ನೀ ದಿನಾ ಕುಂಕುಮ ನೋಡಾಕ ಹೋಗ್ತೀಯೇನ?” ಅಂದಳು.

ನೋಡುವ ವಿಧಾನ ಉದ್ದದ್ದು. ಯಕೃತ್ತಿನ ತುಂಡನ್ನು ದ್ರಾವಣದಲ್ಲಿ ಅರೆಯಬೇಕು. ಆ ರಾಡಿಯನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಜೋರಾಗಿ ತಿರುಗಿಸಿದರೆ ಗಸಿ ಕೆಳಗೆ ಕೂತು ಮೇಲೆ ತಿಳಿ ಉಳಿಯುತ್ತದೆ. ಆ ತಿಳಿಯಲ್ಲಿನ ಪ್ರೋಟೀನುಗಳನ್ನು ಜೆಲ್ಲಿನ ಮೇಲೆ ಗಾತ್ರಕ್ಕೆ ತಕ್ಕಂತೆ ಓಡಿಸಿ, ಕಾಗದದಂಥ ಒಂದು ಪೊರೆಗೆ ಇಳಿಸಬೇಕು. ನಂತರ ಫಾಸ್ಫೇಟ್ ಅಂಟಿದ ರೂಪವನ್ನು ಮಾತ್ರ ಹಿಡಿಯುವ ಆಂಟಿಬಾಡಿ ಹಾಕಿ, ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆದರೆ, ಗುರುತು ಇದ್ದಲ್ಲಿ ಒಂದು ಕಪ್ಪು ಪಟ್ಟಿ ಏಳುತ್ತದೆ. ಕೊನೆಗೆ ಅದೇ ಪೊರೆಯನ್ನು ತೊಳೆದು, ಗುರುತು ಇರಲಿ ಬಿಡಲಿ ಒಟ್ಟು ಪ್ರೋಟೀನ್ ಎಷ್ಟಿದೆ ಎಂದು ಇನ್ನೊಂದು ಆಂಟಿಬಾಡಿಯಿಂದ ನೋಡಬೇಕು. ಒಟ್ಟು ಎಲ್ಲ ಕಡೆ ಸಮ ಇದ್ದು, ಔಷಧ ಕೊಟ್ಟಲ್ಲಿ ಗುರುತು ಮಾತ್ರ ಕಾಣೆಯಾಗಿದ್ದರೆ, ಕೆಲಸ ಕೈಗೂಡಿತು ಅನ್ನಬಹುದು.

ಇಲ್ಲೊಂದು ಅಪಾಯವಿದೆ. ಇಲಿ ಸತ್ತರೂ, ಯಕೃತ್ತನ್ನು ಅರೆದರೂ, ಗುರುತು ಕೀಳುವ ಕಿಣ್ವಗಳು ಆ ರಾಡಿಯಲ್ಲಿ ಕೆಲಸ ಮಾಡುತ್ತಲೇ ಇರುತ್ತವೆ. ಅವನ್ನು ತಡೆಯಲು ಇನ್‌ಹಿಬಿಟರ್ ಎಂಬ ದ್ರವ ಸೇರಿಸಬೇಕು. ಪುಟ್ಟ ಬಾಟಲಿ, ತರಿಸಲು ಎರಡು ತಿಂಗಳು. ಹಾಗಾಗಿ ನಮ್ಮ ಲ್ಯಾಬಿನಲ್ಲಿ ಯಾರೋ ಹಳಬರು ಹಾಕಿಕೊಟ್ಟ ಒಂದು ರೂಢಿ ಇತ್ತು. ಅರೆಯುವಾಗ ಅದನ್ನು ಹಾಕುತ್ತಿರಲಿಲ್ಲ, ತಿರುಗಿಸಿದ ಮೇಲೆ ಸಿಗುವ ತಿಳಿಗೆ ಮಾತ್ರ ಹಾಕುತ್ತಿದ್ದೆವು. ತಿಳಿ ಸ್ವಲ್ಪವೇ ಇರುವುದರಿಂದ ಬಾಟಲಿ ಬಹಳ ದಿನ ಬರುತ್ತಿತ್ತು. ಅರೆದು ಹತ್ತೇ ನಿಮಿಷಕ್ಕೆ ತಿರುಗಿಸುತ್ತಿದ್ದರಿಂದ ಯಾರಿಗೂ ಏನೂ ಕೆಟ್ಟದಾಗಿರಲಿಲ್ಲ. ನಮ್ಮ ಜಾಣತನಕ್ಕೆ ನಾವೇ ಬೀಗುತ್ತಿದ್ದೆವು.

ಯಕೃತ್ತಿನಲ್ಲಿ ಉರಿಯೂತ ಎಬ್ಬಿಸಿದ ಹನ್ನೆರಡು ಇಲಿಗಳಿದ್ದವು. ಆರಕ್ಕೆ ಔಷಧ, ಆರಕ್ಕೆ ಬರೀ ನೀರು. ಒಂದು ದಿನಕ್ಕೆ ಆರಕ್ಕಿಂತ ಹೆಚ್ಚು ನನ್ನ ಕೈಯಲ್ಲಿ ಆಗುವುದಿಲ್ಲವೆಂದು ನೀರಿನ ಇಲಿಗಳನ್ನು ಎರಡು ದಿನ ಮುಂಚೆ ಮುಗಿಸಿದ್ದೆ. ಎಲ್ಲ ನೇಮದಂತೆ ನಡೆದಿತ್ತು. ಔಷಧದ ಇಲಿಗಳಿಗೆ ಕೊನೆಯದಾದ ಹದಿನಾಲ್ಕನೆಯ ದಿನ ಬಂದದ್ದು ಖಂಡೇನವಮಿಯಂದು. ಔಷಧ ಶುರುಮಾಡುವಾಗ ಕ್ಯಾಲೆಂಡರ್ ನೋಡಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಇಲಿಗಳನ್ನು ಒಂದು ದಿನ ಹೆಚ್ಚು ಇಡುವಂತಿಲ್ಲ, ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ಬೇಗ ಬಂದು ಮಧ್ಯಾಹ್ನದ ಪೂಜೆಯೊಳಗೆ ಮುಗಿಸುತ್ತೇನೆ ಎಂದುಕೊಂಡೆ.

ಆರೂ ಇಲಿಗಳ ಕತ್ತು ಮುರಿದು ಯಕೃತ್ತು ತೆಗೆದು, ಗಾಜಿನ ಒರಳಿನಂಥದರಲ್ಲಿ ಒಂದೊಂದಾಗಿ ಕೈಯಿಂದ ಅರೆದೆ. ಕೊನೆಯದು ಮುಗಿಸಿ ಐಸಿನ ಡಬ್ಬಿ ಹಿಡಿದುಕೊಂಡು ಮಶೀನುಗಳ ಕೋಣೆಗೆ ಹೋದರೆ ಊದುಬತ್ತಿಯ ವಾಸನೆ. ಆ ಕೋಣೆ ನೋಡಿಕೊಳ್ಳುತ್ತಿದ್ದವರು ನಿವೃತ್ತಿಗೆ ಹತ್ತಿರವಾದ ಒಬ್ಬ ಮಾಮಾ. ಲ್ಯಾಬಿನ ನಾವೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು. ಊರಿಗೆ ಹೋಗುವವರಿಗೆ ಬಸ್ಸು ಸಿಗಲಿ ಎಂದು ಅವರು ಪೂಜೆಯನ್ನು ಒಂದು ತಾಸು ಮುಂಚೆಯೇ ಮಾಡಿಬಿಟ್ಟಿದ್ದರು. ಸೆಂಟ್ರಿಫ್ಯೂಜಿನ ಮುಚ್ಚಳದ ಮೇಲೆ ಅರಿಷಿಣದ ಐದು ಬೊಟ್ಟು, ಮೇಲೊಂದು ದಪ್ಪ ಚೆಂಡುಹೂವಿನ ಹಾರ. ನನ್ನ ಕೈಯಲ್ಲಿನ ಡಬ್ಬಿ ನೋಡಿ ಅವರು, “ಆತಾ ನಕೋ, ತಾಈ. ಪೂಜಾ ಝಾಲಿ,” ಎಂದು ನನ್ನ ಅಂಗೈಗೆ ಕೊಬ್ಬರಿ, ಸಕ್ಕರೆ ಇಟ್ಟರು. ಈಗ ಬೇಡ, ಪೂಜೆ ಆಗಿಹೋಯಿತು ಎಂದು ಅಷ್ಟೇ. ಗದರಲಿಲ್ಲ, ಬಾಗಿಲು ಹಾಕಿಕೊಳ್ಳಲಿಲ್ಲ. ತುಸು ಹಟ ಮಾಡಿದ್ದರೆ ಹಾರ ಪಕ್ಕಕ್ಕೆ ಸರಿಸಿ ಬಿಟ್ಟುಕೊಡುತ್ತಿದ್ದರು. ಸರ್‌ಗೆ ಒಂದು ಫೋನ್ ಮಾಡಿದ್ದರೂ ಸಾಕಿತ್ತು.

ನಾನು ಹಟ ಮಾಡಲಿಲ್ಲ. ಫೋನೂ ಮಾಡಲಿಲ್ಲ. ನನಗೇ ಆ ಹಾರ ತೆಗೆಯಲು ಕೈ ಬರಲಿಲ್ಲ. ಎಂ.ಎಸ್ಸಿ.ಯಲ್ಲಿ ಫಸ್ಟ್ ಕ್ಲಾಸ್ ಬಂದವಳು, ಜೀವಕೋಶದ ಬಗ್ಗೆ ತಾಸುಗಟ್ಟಲೆ ಮಾತಾಡುವವಳು, ಮಶೀನಿಗೆ ಹಬ್ಬ ಹುಣ್ಣಿಮೆ ಗೊತ್ತಿಲ್ಲವೆಂದು ಚೆನ್ನಾಗಿ ಬಲ್ಲವಳು. ಆದರೂ ಆ ಅರಿಷಿಣದ ಬೊಟ್ಟುಗಳ ಮುಂದೆ ಭೋಸರಿಯ ಟರ್ನರನ ಮಗಳಾಗಿ ನಿಂತುಬಿಟ್ಟೆ. ಆವತ್ತು ಬೆಳಿಗ್ಗೆ ಆರು ಜೀವ ತೆಗೆಯುವಾಗ ಅಡ್ಡಬರದ ಹಬ್ಬ, ಒಂದು ಗುಂಡಿ ಒತ್ತುವಾಗ ಅಡ್ಡಬಂತು. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಒಂದು ದಿನದ ಮಾತು, ಐಸಿನ ಮೇಲಿದ್ದರೆ ಪ್ರೋಟೀನಿಗೆ ಏನಾಗುತ್ತದೆ ಎಂದು ಆರೂ ಟ್ಯೂಬುಗಳನ್ನು ಐಸಿನ ಸಮೇತ ಫ್ರಿಜ್ಜಿನಲ್ಲಿಟ್ಟೆ. ಆಗಲಾದರೂ ಇನ್‌ಹಿಬಿಟರ್ ಹಾಕಿಡಬಹುದಿತ್ತು. ಅದು ತಿಳಿಗೆ ಹಾಕುವ ವಸ್ತು ಎಂದು ಕೈ ರೂಢಿಯಾಗಿತ್ತು, ರಾಡಿಗೆ ಹಾಕಬೇಕೆಂದು ತಲೆಗೇ ಬರಲಿಲ್ಲ. ಟೈಮ್ ಬರೆದಿಡುವುದು ಮಾತ್ರ ಅಪ್ಪನಿಂದ ಬಂದ ಅಭ್ಯಾಸ. ರಫ್ ನೋಟ್‌ಬುಕ್ಕಿನಲ್ಲಿ ‘ಖಂಡೇನವಮಿ, ಅರೆದದ್ದು ಹನ್ನೊಂದೂವರೆ, ತಿರುಗಿಸುವುದು ನಾಳೆ’ ಎಂದು ಪೆನ್ಸಿಲ್ಲಿನಲ್ಲಿ ಬರೆದು ಮನೆಗೆ ಹೋಗಿ ಹೋಳಿಗೆ ಉಂಡೆ. ದಸರೆಯ ಬೆಳಿಗ್ಗೆ ಒಂಬತ್ತಕ್ಕೆ ಮಾಮಾ ತಮ್ಮ ಕೈಯಾರೆ ಹಾರ ತೆಗೆದುಕೊಟ್ಟರು.

ಮುಂದಿನ ವಾರ ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ಫಿಲ್ಮ್ ಎತ್ತಿ ನೋಡಿದೆ. ನೀರಿನ ಇಲಿಗಳ ಆರು ಕಪ್ಪು ಪಟ್ಟಿ. ಪಕ್ಕದಲ್ಲಿ ಔಷಧದ ಇಲಿಗಳ ಪಟ್ಟಿ ಏಳಬೇಕಿದ್ದ ಆರು ಮನೆ, ಎಲ್ಲವೂ ಖಾಲಿ, ಒಂದು ಮಸುಕು ಕೂಡ ಇಲ್ಲ. ಒಟ್ಟು ಪ್ರೋಟೀನ್ ನೋಡಿದರೆ ಹನ್ನೆರಡೂ ಸಮ. ಇಷ್ಟು ಚೊಕ್ಕ ಫಲಿತಾಂಶವನ್ನು ಆ ಲ್ಯಾಬಿನಲ್ಲಿ ಯಾರೂ ಕಂಡಿರಲಿಲ್ಲ. ಸರ್ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದರು, ನನ್ನನ್ನು ನೋಡಿದರು, ಪೇಢೆ ತರಿಸಿದರು. ಇನ್ನೆರಡು ಸಲ ಮಾಡಿ ಖಾತ್ರಿ ಮಾಡಿಕೋ ಅಂದರು. ಮಾಡಿದೆ, ಅವೇ ಹನ್ನೆರಡು ಟ್ಯೂಬುಗಳಿಂದ. ಅವೇ ಟ್ಯೂಬುಗಳಿಂದ ಮಾಡಿದರೆ ಅದೇ ಬರುತ್ತದೆ, ಬೇರೆ ಏನು ಬರಬೇಕು? ಹೊಸ ಇಲಿಗಳಿಗೆ ಕಾಯುವಷ್ಟು ತಾಳ್ಮೆ ಸರ್‌ಗೆ ಇರಲಿಲ್ಲ. ನನಗೂ ಇರಲಿಲ್ಲ, ಪೂರಾ ಗೂಬೆಯನ್ನು ಅವರ ಮೇಲೆ ಕೂರಿಸುವುದು ಸರಿಯಲ್ಲ.

ನನಗೆ ಗೊತ್ತಾದದ್ದು ಒಂದೂವರೆ ತಿಂಗಳ ನಂತರ. ಇನ್‌ಹಿಬಿಟರಿನ ಹೊಸ ಬಾಟಲಿ ಬಂದಿತ್ತು. ಡಬ್ಬಿಯೊಳಗೆ ಮಡಚಿಟ್ಟ ಒಂದು ಚೀಟಿ. ಹಳೆಯ ಚೀಟಿ ಎಂದೋ ಕಳೆದುಹೋಗಿ, ನಾವೆಲ್ಲ ಬಾಯಿಮಾತಿನ ಮೇಲೆಯೇ ಕೆಲಸ ನಡೆಸುತ್ತಿದ್ದೆವು. ಜೀವಕೋಶ ಒಡೆಯುವ ಮೊದಲೇ ಸೇರಿಸಿ, ಇಲ್ಲದಿದ್ದರೆ ತಣ್ಣಗಿಟ್ಟರೂ ಫಾಸ್ಫೇಟ್ ಕಳಚಿಹೋಗುತ್ತದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಚೀಟಿಯನ್ನು ಎರಡು ಸಲ ಓದಿದೆ. ಆರು ಮನೆ ಖಾಲಿಯಾದದ್ದು ಔಷಧದಿಂದ ಅಲ್ಲ. ಇಡೀ ಒಂದು ರಾತ್ರಿ ಫ್ರಿಜ್ಜಿನಲ್ಲಿ ಆ ಕಿಣ್ವಗಳು ಒಂದೊಂದೇ ಗುರುತನ್ನು ಕಿತ್ತು ಹಾಕಿದ್ದವು. ನೀರಿನ ಇಲಿಗಳ ಟ್ಯೂಬುಗಳು ಹತ್ತು ನಿಮಿಷದಲ್ಲಿ ತಿರುಗಿ ಪಾರಾಗಿದ್ದವು.

ಸರ್ ಹತ್ತಿರ ಹೋದೆ. “ಸರ್, ಔಷಧದ ಸ್ಯಾಂಪಲ್ ತಿರುಗಿಸುವುದು ಸ್ವಲ್ಪ ತಡವಾಗಿತ್ತು,” ಅಂದೆ. ಎಷ್ಟು ತಡ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಒಟ್ಟು ಪ್ರೋಟೀನ್ ಸರಿಯಿದೆ ತಾನೆ, ಹಾಗಾದರೆ ಸ್ಯಾಂಪಲ್ ಸರಿಯಿದೆ ಎಂದು ಅವರು ಮತ್ತೆ ಕಂಪ್ಯೂಟರಿನ ಕಡೆ ತಿರುಗಿದರು. ಪತ್ರಿಕೆಗೆ ಕಳಿಸುವ ಲೇಖನದಲ್ಲಿ ನನ್ನ ಹೆಸರು ಮೊದಲನೆಯದಾಗಿ ಕಾಣುತ್ತಿತ್ತು. ಅವರೇ ನನ್ನನ್ನು ಪಾರುಮಾಡಿದರು ಎಂದು ಸಮಾಧಾನ ಮಾಡಿಕೊಂಡು ಹೊರಬಂದೆ. ಎಷ್ಟು ಅಗ್ಗದ ಸಮಾಧಾನ ಅದು.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಇದನ್ನು ಎಷ್ಟು ಸಲ ಮಾಡಿದ್ದೀರಿ ಎಂದು ಕೇಳಿದರು. ಮೂರು ಸಲ ಸರ್ ಅಂದೆ. ಹಿಂದಿನ ಸಾಲಿನಲ್ಲಿ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಒಂದು ಅಕ್ಷರವೂ ಅರ್ಥವಾಗದೆ, ನೆಟ್ಟಗೆ ಕೂತಿದ್ದರು. ಆಮೇಲೆ ವರ್ಕ್‌ಶಾಪಿನವರಿಗೆಲ್ಲ ಮಗಳು ಡಾಕ್ಟರ್ ಆದಳೆಂದು ಹೇಳಿಕೊಂಡು ತಿರುಗಿದರು. ಅವರ ಆ ಖುಷಿಯನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅವರ ಮೇಲಲ್ಲ.

ಪದವಿ ಬಂದ ಮೇಲೂ ನಾನು ಅದೇ ಲ್ಯಾಬಿನಲ್ಲಿ ಉಳಿದೆ. ಆ ವರ್ಷವೇ ಹುಡುಗಿ ಬಂದಳು. ಬಾಗಲಕೋಟೆಯ ಕಡೆಯವಳು, ಸಣ್ಣ ಊರಿನ ಕಾಲೇಜಿನಲ್ಲಿ ಓದಿ, ರಾಷ್ಟ್ರಮಟ್ಟದ ಪರೀಕ್ಷೆ ಪಾಸು ಮಾಡಿ ಫೆಲೋಶಿಪ್ ತೆಗೆದುಕೊಂಡವಳು. ನಾನು ಅವ್ವನ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿ ಓಡಿಬಂದಳು. “ಅಯ್ಯ, ನೀವು ನಮ್ಮ ಕಡೆಯವರೇನ್ರಿ? ನನಗ ಇಲ್ಲೆ ಮರಾಠಿ ಒಂದೂ ತಿಳಿಯಂಗಿಲ್ರಿ, ಹೆಂಗ ಮಾಡ್ಲಿ ಅಂತ ಅಳೂ ಬಂದಿತ್ರಿ,” ಅಂದಳು. ಮಧ್ಯಾಹ್ನ ಹಾಸ್ಟೆಲ್ಲಿನ ಅನ್ನ ಬಿಟ್ಟು ನನ್ನ ಡಬ್ಬಿಯ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದಳು. ನನಗೂ ಆಕೆ ಬಹಳ ಹತ್ತಿರವಾದಳು. ಅಕ್ಕಾ ಎಂದು ಆಕೆ ಕರೆದರೆ ಹಿತವೆನಿಸುತ್ತಿತ್ತು.

ಸರ್ ಆಕೆಗೆ ನನ್ನ ಕೆಲಸದ ಮುಂದಿನ ಭಾಗವನ್ನೇ ಕೊಟ್ಟರು. ಔಷಧ ಆ ಗುರುತನ್ನು ಯಾವ ದಾರಿಯಿಂದ ಕೀಳುತ್ತದೆ ಎಂದು ಹುಡುಕಬೇಕು. ಅದಕ್ಕೂ ಮೊದಲು ನನ್ನ ಫಲಿತಾಂಶ ತನ್ನ ಕೈಯಲ್ಲಿ ಒಮ್ಮೆ ಬರಿಸಿ ತೋರಿಸಬೇಕು. ಅದು ಬರದೆ ಮುಂದಿನ ಹೆಜ್ಜೆ ಇಲ್ಲ, ಹೆಜ್ಜೆ ಇಲ್ಲದೆ ಆಕೆಗೆ ಪದವಿ ಇಲ್ಲ.

ಬರಲಿಲ್ಲ. ಹೇಗೆ ಬಂದೀತು? ಔಷಧ ಕೊಟ್ಟ ಇಲಿಯಲ್ಲೂ ಕೊಡದ ಇಲಿಯಲ್ಲೂ ಕಪ್ಪು ಪಟ್ಟಿ ಒಂದೇ ಸಮನೆ ಏಳುತ್ತಿತ್ತು. ಆಕೆ ಫಿಲ್ಮ್ ಹಿಡಿದು ನನ್ನ ಬಳಿ ಬರುತ್ತಿದ್ದಳು. “ಅಕ್ಕಾ, ಮತ್ತ ಹಂಗ ಬಂತ್ರಿ. ನಿಮಗ ಹೆಂಗ ಬಂತು?” ನಾನು ಸಲಹೆ ಕೊಡುತ್ತಿದ್ದೆ. ಪೊರೆಯನ್ನು ನೆನೆಸಲು ಹಾಲಿನ ಪುಡಿ ಬೇಡ, ಹಾಲಿನ ಪ್ರೋಟೀನಿನಲ್ಲೂ ಫಾಸ್ಫೇಟ್ ಇರುತ್ತದೆ ಎಂದೆ. ಆಂಟಿಬಾಡಿ ಬದಲಿಸು ಎಂದೆ. ಇಲಿಗಳ ವಯಸ್ಸು ನೋಡು, ಔಷಧ ತಾಜಾ ಕರಗಿಸು, ತೊಳೆಯುವುದು ಹತ್ತು ನಿಮಿಷ ಹೆಚ್ಚು ಮಾಡು. ಒಂದೊಂದು ಸಲಹೆಯೂ ತನ್ನಷ್ಟಕ್ಕೆ ಸರಿಯಾದದ್ದೇ. ಒಂದೊಂದಕ್ಕೂ ಆಕೆಯ ಎರಡು ತಿಂಗಳು ಹೋಗುತ್ತಿತ್ತು. ನಾನು ಹೇಳಬೇಕಾದ ಮಾತು ಒಂದೇ ಇತ್ತು. ಅದನ್ನು ನಾಳೆ ಹೇಳಿದರಾಯಿತು, ಈ ಬಾರಿಯ ಇಲಿಗಳು ಮುಗಿಯಲಿ ಎಂದು ಮುಂದೂಡುತ್ತಿದ್ದೆ.

ಸರ್‌ಗೆ ಅನುಮಾನ ಬಂದದ್ದು ಆಕೆಯ ಕೈಯ ಮೇಲೆ. ಲ್ಯಾಬ್ ಮೀಟಿಂಗಿನಲ್ಲಿ ಎಲ್ಲರ ಮುಂದೆ ಹಾತಾಲಾ ವಳಣ ನಾಹೀ ಅಂದರು, ಕೈಗೆ ಹದವಿಲ್ಲ ಎಂದು. ಆಕೆ ಅರ್ಥ ಕೇಳಿದ್ದು ನನ್ನನ್ನೇ. ಇನ್ನೂ ಅಭ್ಯಾಸ ಬೇಕು ಅಂತಾರೆ ಎಂದು ಹೇಳಿದೆ. ಎರಡನೆಯ ವರ್ಷ ಮುಗಿಯುವಷ್ಟರಲ್ಲಿ ಆಕೆಯ ಕೈ ನಿಜಕ್ಕೂ ನಡುಗತೊಡಗಿತು. ಜೆಲ್ಲಿನ ಮನೆಗಳಿಗೆ ಸ್ಯಾಂಪಲ್ ಹಾಕುವಾಗ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಳ್ಳುತ್ತಿದ್ದಳು. ಬಂದ ಹೊಸದರಲ್ಲಿ ನಮ್ಮೆಲ್ಲರಿಗಿಂತ ಚೊಕ್ಕ ಕೈ ಆಕೆಯದೇ ಆಗಿತ್ತು, ಅದನ್ನು ಕೆಡಿಸಿದವಳು ನಾನು. ಮೂರನೆಯ ವರ್ಷ ಪ್ರಗತಿ ನೋಡುವ ಸಮಿತಿ, ಆರು ತಿಂಗಳೊಳಗೆ ಫಲಿತಾಂಶ ತೋರಿಸದಿದ್ದರೆ ಫೆಲೋಶಿಪ್ ಮುಂದುವರಿಸುವುದಿಲ್ಲ ಎಂದು ಬರೆದುಕೊಟ್ಟಿತು.

ಆ ಹೊತ್ತಿಗೆ ನನಗೆ ರಾಂಜಣಗಾಂವದ ಈ ಕೆಲಸ ಸಿಗುವ ಹಂತದಲ್ಲಿತ್ತು. ಸಂದರ್ಶನ ಮುಗಿದಿತ್ತು. ಗೈಡ್ ಕಡೆಯಿಂದ ಒಂದು ಶಿಫಾರಸು ಪತ್ರ ಬೇಕು ಎಂದಿದ್ದರು. ಕೊಡುತ್ತೇನೆ ಎಂದು ಸರ್ ಹೇಳಿ ಎರಡು ವಾರವಾಗಿತ್ತು.

ಒಂದು ಮಧ್ಯಾಹ್ನ ಸಂಸ್ಥೆಯ ಎದುರಿನ ಉಡುಪಿ ಹೊಟೇಲಿನಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಆಕೆ ಓಡುತ್ತ ಬಂದು ಎದುರಿಗೆ ಕೂತಳು. ಕೈಯಲ್ಲಿ ನನ್ನ ಹಳೆಯ ರಫ್ ನೋಟ್‌ಬುಕ್ ಮತ್ತು ಒಂದು ಫಿಲ್ಮ್. ನೋಟ್‌ಬುಕ್ ಕಪಾಟಿನ ತಳದಲ್ಲಿತ್ತು, ನಾನು ಅದನ್ನು ಮರೆತೇ ಬಿಟ್ಟಿದ್ದೆ. ಆಕೆ ಅದರಲ್ಲಿನ ಒಂದೊಂದು ಸಾಲನ್ನೂ ಓದಿ, ಪೆನ್ಸಿಲ್ಲಿನ ಆ ಒಂದು ಸಾಲನ್ನು ಕಂಡಿದ್ದಳು. ಕಂಡು, ಯಾರಿಗೂ ಹೇಳದೆ, ಔಷಧವನ್ನೇ ಕೊಡದ ಇಲಿಯ ಯಕೃತ್ತನ್ನು ಅರೆದು ಎರಡು ಪಾಲು ಮಾಡಿದ್ದಳು. ಒಂದು ಪಾಲು ಆಗಲೇ ತಿರುಗಿಸಿದ್ದು, ಇನ್ನೊಂದು ಐಸಿನ ಮೇಲೆ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ತಿರುಗಿಸಿದ್ದು. ಫಿಲ್ಮನ್ನು ಹೊಟೇಲಿನ ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಕಡೆ ದಟ್ಟ ಪಟ್ಟಿ, ಇನ್ನೊಂದು ಕಡೆ ಖಾಲಿ.

“ಔಷಧನ ಬ್ಯಾಡ್ರಿ ಅಕ್ಕಾ. ಒಂದು ರಾತ್ರಿ ಇಟ್ರ ಸಾಕು,” ಅಂದಳು.

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಆಕೆಯ ಮುಖದಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು.

“ನನ್ನ ಕೈ ಸರಿ ಅದರಿ ಅಕ್ಕಾ. ಮೂರು ವರ್ಷ ನಾ ನನ್ನ ಕೈ ಕೆಟ್ಟದ ಅನ್ಕೊಂಡಿದ್ನಿ. ನಿಮಗೂ ಗೊತ್ತ ಇರಾಕಿಲ್ಲ ಬಿಡ್ರಿ, ಹಬ್ಬದ ಗದ್ದಲದಾಗ ಆಗೇತಿ. ನೀವಽ ಸರ್‌ಗೆ ಹೇಳ್ರಿ. ನನಗ ಮರಾಠಿ ಸರಿ ಬರೂದಿಲ್ಲ, ಇಂಗ್ಲಿಷ್ ಮಾತಾಡ್ಬೇಕಂದ್ರ ಅವರ ಮುಂದ ತೊದಲ್ತೀನಿ. ನೀವು ಹೇಳಿದ್ರ ನಂಬ್ತಾರ. ಆರು ತಿಂಗಳ ಅದ, ಹೊಸಾ ವಿಷಯ ಕೊಡ್ರಿ ಅಂತ ಕೇಳೋಣು.”

“ಹೇಳ್ತೀನಿ,” ಅಂದೆ. ಆ ಕ್ಷಣ ನಿಜವಾಗಿಯೂ ಹೇಳಬೇಕೆಂದೇ ಇದ್ದೆ. ಆಕೆ ನನ್ನ ತಟ್ಟೆಯ ಉದ್ದಿನ ವಡೆಯಲ್ಲಿ ಅರ್ಧ ಮುರಿದು ತಿಂದಳು. ಬಹಳ ದಿನದ ಮೇಲೆ ಹೊಟ್ಟೆ ತುಂಬ ತಿಂದೆ ಅನಿಸುತ್ತದೆ ಅಂದಳು.

ಆಕೆ ಈಗ ಎಲ್ಲಿದ್ದಾಳೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪದವಿ ಇಲ್ಲದೆ ಊರಿಗೆ ಹೋದಳು. ಹೋಗುವ ಮುನ್ನ ಸರ್‌ಗೆ ಉದ್ದದ ಇಮೇಲ್ ಬರೆದಿದ್ದಳಂತೆ, ಅವರು ಉತ್ತರ ಕೊಡಲಿಲ್ಲ. ತಮ್ಮ ಕಡೆಯ ಒಂದು ಆಸ್ಪತ್ರೆಯ ಪಕ್ಕದಲ್ಲಿ ರಕ್ತ ಪರೀಕ್ಷೆ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ ಎಂದು ಯಾರೋ ಹೇಳಿದರು. ಲೇಖನ ಹಾಗೆಯೇ ಇದೆ, ಯಾರೂ ಹಿಂತೆಗೆದುಕೊಂಡಿಲ್ಲ. ನಾನು ಒಮ್ಮೆಯೂ ಆಕೆಗೆ ಫೋನ್ ಮಾಡಿಲ್ಲ.

ಹೊಟೇಲಿನಲ್ಲಿ ಮಾತಾಡಿದ ಮರುದಿನ ಹನ್ನೊಂದು ಗಂಟೆಗೆ ಇಬ್ಬರೂ ಸರ್ ಕೋಣೆಗೆ ಹೋದೆವು. ಅವರ ಟೇಬಲ್ಲಿನ ಮೇಲೆ ಸಂಸ್ಥೆಯ ಹೆಸರಿದ್ದ ಕಾಗದದಲ್ಲಿ ಒಂದು ಪತ್ರ ಅಚ್ಚಾಗಿ ಬಿದ್ದಿತ್ತು. ತಲೆಕೆಳಗಾಗಿದ್ದರೂ ಅದರಲ್ಲಿನ ನನ್ನ ಹೆಸರು ಓದಲು ಬಂತು. ಸಹಿ ಇನ್ನೂ ಆಗಿರಲಿಲ್ಲ. ಆಕೆ ಫಿಲ್ಮನ್ನು ಅವರ ಕೈಗೆ ಕೊಟ್ಟಳು. ಸರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಇದರಲ್ಲಿ ಔಷಧ ಯಾವುದು ಎಂದು ಕೇಳಿದರು. ಆಕೆ ಔಷಧ ಇಲ್ಲ ಎಂದು ತಲೆಯಲ್ಲಾಡಿಸಿ, ತಾನು ರಾತ್ರಿಯಿಡೀ ಬಾಯಿಪಾಠ ಮಾಡಿಕೊಂಡು ಬಂದಿದ್ದ ಒಂದೇ ಮರಾಠಿ ವಾಕ್ಯವನ್ನು ಹೇಳಿದಳು. “ಸರ್, ರಾತ್ರಭರ್ ಠೇವಲಂ.” ರಾತ್ರಿಯಿಡೀ ಇಟ್ಟೆ. ಹೇಳಿ, ಉಳಿದದ್ದು ಅಕ್ಕ ಹೇಳುತ್ತಾರೆ ಎಂಬಂತೆ ನನ್ನ ಕಡೆ ಕೈ ಮಾಡಿದಳು.

ಸರ್ ಮುಖ ಕೆಂಪಾಯಿತು. ಮೂರು ವರ್ಷದಿಂದ ಏಕೆ ಏನೂ ಸರಿ ಬರುತ್ತಿಲ್ಲವೆಂದು ಈಗ ಅರ್ಥವಾಯಿತು ಎಂದರು. ಆಮೇಲೆ ನನ್ನನ್ನು ಮರಾಠಿಯಲ್ಲೇ ಕೇಳಿದರು. ನೀನು ಪಕ್ಕದಲ್ಲೇ ಇರುತ್ತೀಯಲ್ಲ, ಖರೆಯೇನು, ಈಕೆ ಸ್ಯಾಂಪಲ್ಲುಗಳನ್ನು ಹಾಗೇ ರಾತ್ರಿಯಿಡೀ ಇಟ್ಟಿದ್ದಳೇ?

ಆಕೆ ತನ್ನದೇ ತಪ್ಪು ಒಪ್ಪಿಕೊಳ್ಳುತ್ತಿದ್ದಾಳೆಂದು ಅವರು ತಿಳಿದುಕೊಂಡಿದ್ದು ನನಗೆ ತಕ್ಷಣ ಗೊತ್ತಾಯಿತು. ಆಕೆಗೆ ಮಾತು ಪೂರ್ತಿ ತಿಳಿದಿರಲಿಲ್ಲ. ರಾತ್ರಿ ಎಂಬ ಶಬ್ದ ಕೇಳಿ, ವಿಷಯ ಸರಿಯಾದ ಜಾಗಕ್ಕೇ ಬಂತೆಂದು ನನ್ನತ್ತ ನೋಡಿ ಹುರುಪಿನಿಂದ ತಲೆಯಾಡಿಸಿದಳು.

“ಹೋ ಸರ್,” ಎಂದು ಮರಾಠಿಯಲ್ಲೇ ಹೌದೆಂದೆ. “ಇಟ್ಟಿದ್ದಳು.”

ಸರ್ ಫಿಲ್ಮನ್ನು ಪಕ್ಕಕ್ಕೆ ಸರಿಸಿ, ಪೆನ್ನಿನ ಟೋಪಿ ತೆಗೆದು, ಪತ್ರವನ್ನು ಹತ್ತಿರ ಎಳೆದುಕೊಂ­ಡರು. ನಾನು ಮುಂದಿನದನ್ನು ಹೇಳುತ್ತೇನೆಂದು ಆಕೆ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು.